ಬೆಟ್ಟ ಹತ್ತುವ ಮುನ್ನ

ದಸರೆ ಮುಗಿದು ಮಳೆ ಹಿಂದೆ ಸರಿಯಿತೆಂದರೆ ಮಲೆನಾಡಿನ ಬೆಟ್ಟಗಳತ್ತ ಚಾರಣಿಗರ ಗುಂಪುಗಳು ಹೊರಡುತ್ತವೆ. ಕಚೇರಿಯ ಗೆಳೆಯರು, ಕಾಲೇಜಿನ ಹುಡುಗರು, ಕೆಲವೊಮ್ಮೆ ಇಡೀ ಸಂಸಾರ! ಕುದುರೆಮುಖ ಶಿಖರವನ್ನೇ ತೆಗೆದುಕೊಳ್ಳಿ. ಎತ್ತರ ಸುಮಾರು 1,890 ಮೀಟರ್. ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ದಾರಿಯುದ್ದಕ್ಕೂ ಶೋಲಾ ಕಾಡು, ಹುಲ್ಲುಗಾವಲು ಒಂದಾದ ಮೇಲೊಂದು ಬರುತ್ತವೆ. ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಸಂಜೆಯೊಳಗೆ ಇಳಿದು ಬರಬೇಕು.

ಆದರೆ ವರ್ಷವಿಡೀ ಕುರ್ಚಿಯಲ್ಲಿ ಕುಳಿತವರ ದೇಹ ಇಷ್ಟು ನಡಿಗೆಗೆ ಸಿದ್ಧವಿದೆಯೇ?

ತಿಂಗಳ ಮೊದಲೇ ತಯಾರಿ

ಕನಿಷ್ಠ ಒಂದು ತಿಂಗಳು ದಿನವೂ ಮುಕ್ಕಾಲು ಗಂಟೆ ಚುರುಕಾಗಿ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ರಕ್ತದೊತ್ತಡ, ಹೃದಯದ ತೊಂದರೆ, ಉಬ್ಬಸ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ದೀರ್ಘ ನಡಿಗೆಯಿಂದ ಸಕ್ಕರೆ ಅಂಶ ಒಮ್ಮೆಲೇ ಇಳಿಯಬಹುದು. ಅಂಥವರ ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲೇಬೇಕು.

ನೆರಳು, ಬಿಸಿಲು, ಮಂಜು

ಕಾಡಿನೊಳಗೆ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಹುಲ್ಲುಗಾವಲಿಗೆ ಬಂದೊಡನೆ ಗಾಳಿ ಬೆವರನ್ನು ಆರಿಸುತ್ತದೆ. ಹಾಯೆನಿಸಿದರೂ ದೇಹ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಬಾಯಾರುವವರೆಗೆ ಕಾಯದೆ ಆಗಾಗ ಗುಟುಕು ನೀರು ಕುಡಿಯಿರಿ. ಒಬ್ಬರಿಗೆ ಎರಡರಿಂದ ಮೂರು ಲೀಟರ್ ಬೇಕಾದೀತು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಪಾನಕ ಒಳ್ಳೆಯದು.

ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಬೆವರಿ ಒದ್ದೆಯಾದ ಅಂಗಿಯಲ್ಲಿ ಮಂಜು, ಗಾಳಿಗೆ ಸಿಕ್ಕರೆ ನಡುಕ ಹತ್ತುತ್ತದೆ. ಒಂದು ಒಣ ಅಂಗಿ, ಒಂದು ಮಳೆಕೋಟು ಚೀಲದಲ್ಲಿರಲಿ.

ಉಂಬಳ ಮತ್ತು ಉಣ್ಣೆ

ಉಂಬಳ ಕಚ್ಚಿದರೆ ಗಾಬರಿ ಬೇಡ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ರಕ್ತ ತುಸು ಹೆಚ್ಚು ಹೊತ್ತು ಸೋರುತ್ತದೆ. ಎಳೆಯದೆ ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ, ತೊಳೆದು, ಒತ್ತಿ ಹಿಡಿಯಿರಿ.

ಉಣ್ಣೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಹೆಚ್ಚಾಗಿ ಕಾಣುವುದು ಡಿಸೆಂಬರ್‌ನಿಂದ ಮೇವರೆಗೆ. ಮೈ ಮುಚ್ಚುವ ಬಟ್ಟೆ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮರಳಿದ ಮೇಲೆ ಸ್ನಾನ ಮಾಡಿ ಮೈಯೆಲ್ಲ ಪರೀಕ್ಷಿಸಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಇಳಿಯುವಾಗ

ಏರುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ಮಂಡಿ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯಬೇಕು. ದಣಿದ ಕಾಲು ಜಾರುವುದೂ ಆಗಲೇ. ಮಂಡಿಯನ್ನು ತುಸು ಮಡಿಸಿ ಚಿಕ್ಕ ಹೆಜ್ಜೆ ಇಡಿ. ಒಂದು ಊರುಗೋಲು ಬಹಳ ಉಪಕಾರಿ.

ಹಿಂದುಳಿದವರನ್ನು ಗಮನಿಸಿ

ಗುಂಪಿನಲ್ಲಿ ನಡೆಯುವಾಗ ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಸಂಕೋಚ. ‘ನನ್ನಿಂದ ಎಲ್ಲರಿಗೂ ತಡವಾಯಿತು’ ಎಂದು ಕೆಲವರು ಎದೆಯ ಹಿಂಸೆಯನ್ನೂ ನುಂಗಿಕೊಂಡು ನಡೆಯುತ್ತಾರೆ. ನಡೆಯುತ್ತಾ ಮಾತನಾಡಲು ಸಾಧ್ಯವಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಗುಂಪಿನ ವೇಗವನ್ನು ನಿರ್ಧರಿಸಬೇಕಾದವರು ಅತಿ ನಿಧಾನವಾಗಿ ನಡೆಯುವವರು. ಅನುಭವಿಯೊಬ್ಬರು ಕೊನೆಯಲ್ಲಿರಲಿ. ಮುಂದೆ ಹೋದವರು ಕಾದು ನಿಂತಿದ್ದು, ಹಿಂದಿನವರು ಬಂದೊಡನೆ ಎದ್ದು ಹೊರಡುವುದು ಸಾಮಾನ್ಯ. ಹಾಗೆ ಮಾಡಬೇಡಿ; ವಿಶ್ರಾಂತಿ ಹೆಚ್ಚು ಬೇಕಾದದ್ದು ಕೊನೆಗೆ ಬಂದವರಿಗೆ.

ಎದೆ ಬಿಗಿತ, ಎಡತೋಳು ಅಥವಾ ದವಡೆಯ ನೋವು, ತಣ್ಣನೆಯ ಬೆವರು ಕಂಡರೆ ಅವರನ್ನು ಒಂದು ಹೆಜ್ಜೆಯೂ ನಡೆಸಬೇಡಿ. ಕೂರಿಸಿ, ಬೆಚ್ಚಗಿಡಿ, ಮಾರ್ಗದರ್ಶಿಯ ಮೂಲಕ ಕೂಡಲೇ ನೆರವು ತರಿಸಿ. ‘ಗ್ಯಾಸ್ ಇರಬಹುದು’ ಎಂದು ಸಮಾಧಾನ ಪಟ್ಟುಕೊಳ್ಳುವ ಜಾಗ ಅದಲ್ಲ. ಆಸ್ಪತ್ರೆ ಗಂಟೆಗಳ ದೂರದಲ್ಲಿರುತ್ತದೆ.

ಶಿಖರ ಮುಟ್ಟದೆ ಮರಳಿದರೆ ನಷ್ಟವೇನೂ ಇಲ್ಲ. ಮುಂದಿನ ವರ್ಷ ಮತ್ತೆ ಹೋಗಬಹುದು.