ಕಾಲ ಮೇಲೆ ಕಾಲು ಹಾಕಿದ ಗಜ್ಜರಿ

ನಮ್ಮ ತಾರಸಿಯಲ್ಲಿ ಕಿತ್ತ ಮೊದಲ ಕ್ಯಾರೆಟ್‌ಗೆ ಎರಡು ಕಾಲಿದ್ದವು. ವಿಜಯಪುರದಿಂದ ಬೆಂಗಳೂರಿಗೆ ಬಂದಿದ್ದ ಅವ್ವ ಅದನ್ನು ತಿರುವಿ ತಿರುವಿ ನೋಡಿ, "ಕಾಲ ಮ್ಯಾಲ ಕಾಲ ಹಾಕ್ಕೊಂಡ ಕುಂತೈತಲ್ಲೋ ತಮ್ಮಾ ನಿನ್ನ ಗಜ್ಜರಿ" ಎಂದು ನಕ್ಕಳು.

ತಪ್ಪು ನನ್ನದೇ. ಕುಂಡದಲ್ಲಿ ಜಲ್ಲಿಚೂರಿತ್ತು, ಅರ್ಧಂಬರ್ಧ ಕೊಳೆತ ಸಗಣಿ ಗೊಬ್ಬರವೂ ಇತ್ತು. ಕ್ಯಾರೆಟ್ ಬೀಜ ಮೊಳೆತ ಕೂಡಲೇ ತಾಯಿಬೇರನ್ನು ನೆಟ್ಟಗೆ ಕೆಳಕ್ಕೆ ಬಿಡುತ್ತದೆ. ಅದರ ತುದಿಗೆ ಕಲ್ಲು ತಾಗಲಿ, ಹಸಿ ಗೊಬ್ಬರ ಸುಡಲಿ, ಅಲ್ಲಿಗೇ ಕವಲೊಡೆಯುತ್ತದೆ. ಟೊಮೆಟೊ, ಮೆಣಸಿನಕಾಯಿಯಂತೆ ಇದರ ಸಸಿ ಕಿತ್ತು ನಾಟಿ ಮಾಡಬಾರದೆನ್ನುವುದೂ ಇದಕ್ಕೇ. ಬಿತ್ತಿದಲ್ಲೇ ಬೆಳೆಯಬೇಕು.

ಎರಡನೇ ಸಲ ಕೆಂಪು ಮಣ್ಣು, ಮರಳು, ಪೂರ್ತಿ ಕಳಿತ ಗೊಬ್ಬರ ಕಲಸಿ, ಮರಳು ಸೋಸುವ ಜರಡಿಯಲ್ಲಿ ಹಾಯಿಸಿ, ಒಂದಡಿ ಆಳದ ಗ್ರೋ ಬ್ಯಾಗಿಗೆ ತುಂಬಿದೆ. ದಸರೆ ಮುಗಿದ ವಾರ ಬಿತ್ತನೆ. ಬಣ್ಣ, ಸಿಹಿ ಎರಡೂ ಕೂಡಿಬರಲು 15ರಿಂದ 20 ಡಿಗ್ರಿಯ ತಂಪು ಬೇಕು. ಬೇಸಿಗೆಯ ಬೆಳೆ ಬಿಳಿಚಿಕೊಂಡು ಮೊಂಡಾಗುತ್ತದೆ. ಬೀಜ ಕೊಂಚ ಸೆಕೆ ತಡೆಯುವ ಜಪಾನಿ ಮೂಲದ ಕುರೋಡ. ಅವ್ವನಿಗೆ ಬೇಕಿದ್ದದ್ದು ಅವಳ ಕಾಲದ ಕೆಂಪು ಗಜ್ಜರಿ. ಈಗ ಎಲ್ಲೆಡೆ ಕಾಣುವ ಕೇಸರಿ ಬಣ್ಣ 17ನೇ ಶತಮಾನದ ಹೊತ್ತಿಗೆ ಹಾಲೆಂಡ್ ಕಡೆ ನೆಲೆಗೊಂಡದ್ದು, ಅದಕ್ಕೂ ಮುಂಚಿನವು ನೇರಳೆ, ಹಳದಿ ಎಂದು ನಾನು ಹೇಳಿದರೆ ಆಕೆಗೆ ಅದೇನೂ ದೊಡ್ಡ ಸುದ್ದಿ ಅನ್ನಿಸಲಿಲ್ಲ.

ಬೀಜ ನೋಡಲು ಜೀರಿಗೆಯ ಮರಿಯಂತೆ. ಜೀರಿಗೆ, ಕೊತ್ತಂಬರಿ, ಸಬ್ಬಸಿಗೆ ಎಲ್ಲ ಇದರ ದಾಯಾದಿಗಳೇ. ಒಣಮರಳಿನ ಜೊತೆ ಬೆರೆಸಿ, ಅರ್ಧ ಇಂಚಿಗಿಂತ ಆಳವಾಗದಂತೆ ಸಾಲಿನಲ್ಲಿ ಉದುರಿಸಿ, ಮೇಲೆ ಒದ್ದೆ ಗೋಣಿತಾಟು ಹೊದಿಸಬೇಕು. ಹತ್ತು ಹದಿನೈದು ದಿನ ಏನೂ ಕಾಣುವುದಿಲ್ಲ. ಬಹಳ ಜನ ಸೋಲುವುದು ಇಲ್ಲೇ: ಒಂದು ಮಧ್ಯಾಹ್ನ ಮೇಲ್ಮಣ್ಣು ಒಣಗಿದರೆ ಸಾಕು, ಮೊಳಕೆ ಒಳಗೇ ಸಾಯುತ್ತದೆ. ಹಸಿರು ಇಣುಕಿದ ದಿನವೇ ತಾಟು ತೆಗೆಯಬೇಕು.

ಆಮೇಲೆ ಬರುವುದು ಕಟುಕನ ಕೆಲಸ. ಸಸಿ ಮೂರಿಂಚು ಬೆಳೆದಾಗ ಎರಡಿಂಚಿಗೊಂದು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ, ಕತ್ತರಿಯಿಂದ ಬುಡಕ್ಕೇ ಕತ್ತರಿಸುವುದು ಒಳ್ಳೆಯದು. ಮೂರು ಸಾಲು ಸವರಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮನಸ್ಸು ಬರದೆ ಹಾಗೇ ಬಿಟ್ಟೆ.

ನೆಲದೊಳಗಿನ ಬೆಳೆಯ ದೊಡ್ಡ ಕಾಟವೆಂದರೆ ಅದು ಕಾಣುವುದಿಲ್ಲ. ಎಲೆ ಸೊಂಪಾಗಿದ್ದರೂ ಕೆಳಗೆ ಗೆಡ್ಡೆ ಕೂತಿದೆಯೆಂಬ ಖಾತ್ರಿಯಿಲ್ಲ. ಸಾರಜನಕ ಹೆಚ್ಚಾದರೆ ಬರೀ ಸೊಪ್ಪೇ. ಬುಡದ ಮಣ್ಣು ಸರಿಸಿ ಹೆಗಲ ದಪ್ಪ ನೋಡಿಕೊಳ್ಳಬಹುದು, ಆದರೆ ಮತ್ತೆ ಮಣ್ಣು ಮುಚ್ಚಬೇಕು. ಬಿಸಿಲು ಬಿದ್ದ ಹೆಗಲು ಹಸಿರಾಗಿ ಕಹಿಯಾಗುತ್ತದೆ. ನೀರು ಒಂದು ದಿನ ತುಂಬಿ, ನಾಲ್ಕು ದಿನ ಮರೆತರೆ ಗೆಡ್ಡೆ ಉದ್ದಕ್ಕೆ ಸೀಳುತ್ತದೆ.

ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಅಂದು ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲವಿಲ್ಲ, ತಾರಸಿಯೇ ಗತಿ. ಹಿಂದಿನ ಸಂಜೆ ನೀರು ಹಾಯಿಸಿ ಮಣ್ಣು ಮೆತ್ತಗಾಗಿಸಿದ್ದೆ. ಎಲೆಯ ಬುಡವನ್ನು ಒತ್ತಿಹಿಡಿದು, ತುಸು ತಿರುವಿ ಎಳೆದರೆ ಚುಳುಕ್ಕೆಂದು ಬಂತು, ಒದ್ದೆ ಮಣ್ಣಿನ ಜೊತೆಗೆ ಗಮ್ಮೆನ್ನುವ ಕ್ಯಾರೆಟ್ ಘಮ. ಸೊಪ್ಪನ್ನು ಆಗಲೇ ಕತ್ತರಿಸಿದೆ, ಇಲ್ಲದಿದ್ದರೆ ಅದು ಗೆಡ್ಡೆಯ ನೀರು ಹೀರಿ ಸಂಜೆಗೆಲ್ಲ ಸೊರಗಿಸಿಬಿಡುತ್ತದೆ.

ನೆಟ್ಟನೆಯವು ಹದಿನಾಲ್ಕು. ಅವನ್ನೆಲ್ಲ ಸಜ್ಜಿ ರೊಟ್ಟಿ, ಪುಂಡಿಪಲ್ಯದ ಪಕ್ಕ ಜೋಡಿಸಿಟ್ಟೆ. ಅವ್ವ ಅವುಗಳ ಕಡೆ ನೋಡಲೇ ಇಲ್ಲ. ಸವರದೆ ಬಿಟ್ಟ ನಾಲ್ಕನೇ ಸಾಲಿನ ಪೆನ್ಸಿಲ್‌ನಷ್ಟು ತೆಳ್ಳಗಿನವನ್ನು ಸೆರಗಿನಲ್ಲಿ ಒರೆಸಿ, ಹಸಿದೇ ಕಡಿದು, "ಎಳೀವು ಅದಾವ, ಇವ ಛಲೋ ನೋಡು" ಎಂದಳು.