ಹಾಲು ಒಯ್ಯುವ ಬೈಕ್ ಮುಂದಕ್ಕೆ ಕುಸಿಯುತ್ತಿದೆಯೇ?

ನಮ್ಮಲ್ಲಿ ಎಷ್ಟೋ ಮನೆಗಳ ಹಾಲು ಸಂಘಕ್ಕೆ ಹೋಗುವುದು ಹತ್ತು ಹದಿನೈದು ವರ್ಷದ ಹಳೇ ಸ್ಪ್ಲೆಂಡರ್‌ನಂಥ ಬೈಕಿನ ಮೇಲೆ. ಎಂಜಿನ್ ಕೆಟ್ಟರೆ ಅಂದೇ ರಿಪೇರಿ ಮಾಡಿಸುತ್ತೇವೆ. ಮುಂದಿನ ಶಾಕ್ ಮೆತ್ತಗಾದರೆ ಮಾತ್ರ ‘ರಸ್ತೆಯೇ ಸರಿಯಿಲ್ಲ’ ಎಂದು ಸುಮ್ಮನಾಗುತ್ತೇವೆ. 20 ಲೀಟರ್ ಹಾಲು ಕ್ಯಾನಿನ ತೂಕ ಬಿಟ್ಟೇ 20 ಕಿಲೋ ದಾಟುತ್ತದೆ. ಅಂಥ ಎರಡು ಕ್ಯಾನ್ ಹೇರಿರುವಾಗ ನಾಯಿ ಅಡ್ಡ ಬಂದು ಬ್ರೇಕ್ ಹಿಡಿದರೆ ಭಾರ ಮುಂದಕ್ಕೆ ನುಗ್ಗುತ್ತದೆ, ಮೆತ್ತಗಿನ ಶಾಕ್ ತಳ ಕಚ್ಚುತ್ತದೆ, ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಗಾಡಿ ಓಡಿಸುವವರು ಯಜಮಾನರಿರಲಿ, ಮಗನಿರಲಿ, ನೀವೇ ಇರಲಿ, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಖಾಲಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಜೋರಾಗಿ ಕೆಳಕ್ಕೆ ಒತ್ತಿ ಬಿಡಿ. ಮೇಲೆ ಬಂದು ಒಂದೇ ಸಲಕ್ಕೆ ನಿಂತರೆ ಚಿಂತೆಯಿಲ್ಲ. ಎರಡು ಮೂರು ಸಲ ತೂಗಾಡಿದರೆ ಒಳಗಿನ ಆಯಿಲ್ ಹಳತಾಗಿದೆ ಅಥವಾ ಕಡಿಮೆಯಾಗಿದೆ. ಭಾರ ಹೊರುವುದು ಸ್ಪ್ರಿಂಗ್; ಅದರ ಕುಣಿತ ತಡೆಯುವುದು ಆಯಿಲ್. ಇಷ್ಟು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಅರ್ಧ ಮಾತು ಉಳಿಯುತ್ತದೆ. ಶಾಕಿನ ಹೊಳೆಯುವ ಪೈಪನ್ನೂ ಬಟ್ಟೆಯಿಂದ ಒರೆಸಿ ನೋಡಿ. ಮತ್ತೆ ಮತ್ತೆ ಜಿಡ್ಡು ಬಂದರೆ ಆಯಿಲ್ ಸೀಲ್ ಹೋಗಿದೆ. ಸೋರಿದ ಆಯಿಲ್ ಬ್ರೇಕಿಗೋ ಟಯರಿಗೋ ತಗುಲಿದರೆ ಅಪಾಯ, ಅದನ್ನು ಮುಂದೂಡಬೇಡಿ.

‘ಪೂರ್ತಿ ಶಾಕ್ ಬದಲಿಸಬೇಕು’ ಎಂದರೆ ತಕ್ಷಣ ಒಪ್ಪಬೇಕಿಲ್ಲ. ಆ ದುಡ್ಡು ಹೋಗುವುದು ನಿಮ್ಮ ಹಾಲಿನ ಬಟವಾಡೆಯಿಂದ. ಪೈಪ್ ಬಾಗಿಲ್ಲದಿದ್ದರೆ, ತುಕ್ಕು ಹಿಡಿದು ಗುಳಿ ಬಿದ್ದಿಲ್ಲದಿದ್ದರೆ ಸೀಲ್ ಮತ್ತು ಆಯಿಲ್ ಬದಲಿಸಿದರೇ ಬಹಳ ಸಲ ಸಾಕಾಗುತ್ತದೆ. ಗುಳಿ ಬಿದ್ದ ಪೈಪ್ ಹೊಸ ಸೀಲನ್ನೂ ಬೇಗ ಹರಿಯುತ್ತದೆ. ಸ್ಪ್ರಿಂಗ್ ಹೊರತೆಗೆದಾಗ ಉದ್ದ ಅಳೆಯಲು ಹೇಳಿ. ಕಂಪನಿ ಹೇಳಿದ ಅಳತೆಗಿಂತ ಕುಗ್ಗಿದ್ದರೆ ಎರಡೂ ಕಡೆಯದನ್ನು ಜೋಡಿಯಾಗಿ ಬದಲಿಸಬೇಕು. ಕೆಲವರು ಸ್ಪ್ರಿಂಗ್ ಮೇಲೆ ವಾಷರ್ ಇಟ್ಟು ಎತ್ತರಿಸಿಕೊಡುತ್ತಾರೆ. ಮುಂಭಾಗ ಸ್ವಲ್ಪ ಮೇಲೆದ್ದಂತೆ ಕಂಡರೂ ತೂಗಾಟ ನಿಲ್ಲುವುದಿಲ್ಲ.

ಆಯಿಲ್ ಹಾಕುವಾಗ ಮಾತ್ರ ಪಕ್ಕದಲ್ಲೇ ನಿಂತು ನೋಡಿ. ಕಂಪನಿ ಹೇಳಿದ ಫೋರ್ಕ್ ಆಯಿಲ್ಲನ್ನು ಎರಡೂ ಕಾಲಿಗೆ ಅಳೆದು ಸಮನಾಗಿ ಹಾಕಬೇಕು, ಕಣ್ಣಂದಾಜಲ್ಲ. ಹೆಚ್ಚಾದರೆ ಒಳಗೆ ಗಾಳಿಗೆ ಜಾಗ ಸಾಲದೆ ಸೀಲ್ ಕಿತ್ತುಬರುತ್ತದೆ. ಇದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಮೇಲಿನ ಬೋಲ್ಟ್ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಮುಖಕ್ಕೆ ಚಿಮ್ಮಬಹುದು.

ಕೆಲಸ ಮುಗಿದ ಮೇಲೆ ಮೊದಲು ಖಾಲಿ ಕ್ಯಾನಿನಲ್ಲೇ ಒಂದು ಸುತ್ತು ಓಡಿಸಿ, ಬ್ರೇಕ್ ಹಿಡಿದು ನೋಡಿ. ತೆಗೆದ ಹಳೇ ಆಯಿಲ್ಲನ್ನು ಕೊಟ್ಟಿಗೆಯ ಚರಂಡಿಗೆ ಸುರಿಯಬೇಡಿ, ಉಣ್ಣೆಗೋ ಗಾಯಕ್ಕೋ ಎಂದು ಹಸುವಿಗೆ ಹಚ್ಚಲೂಬೇಡಿ; ಗ್ಯಾರೇಜಿನ ಡಬ್ಬದಲ್ಲೇ ಬಿಟ್ಟು ಬನ್ನಿ.