ಹವಳದ ಕಡಲಿಗೆ ಇಳಿಯುವ ಮುನ್ನ

ಆಳವನ್ನು ಅರಿಯದೆ ನೀರಿಗೆ ಇಳಿಯಬಾರದೆಂದು ಹಿರಿಯರು ಹೇಳುವುದುಂಟು. ಊರ ಕೆರೆಯ ವಿಷಯದಲ್ಲಿ ಹುಟ್ಟಿದ ಈ ಮಾತು ಕಡಲಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಇಂದು ಸಾವಿರಾರು ಜನರು ಉಷ್ಣವಲಯದ ದ್ವೀಪಗಳಿಗೆ ಹೋಗಿ, ನೀರಿನೊಳಗೆ ಮುಳುಗಿ, ಹವಳದ ದಿಬ್ಬಗಳನ್ನೂ ಅವುಗಳ ನಡುವೆ ಸುಳಿದಾಡುವ ಬಣ್ಣಬಣ್ಣದ ಮೀನುಗಳನ್ನೂ ಕಂಡು ಬರುತ್ತಾರೆ. ಇಂಥ ಪ್ರವಾಸಕ್ಕೆ ಹಣವೂ ಬಿಡುವೂ ಇದ್ದರೆ ಸಾಕೆಂದು ಹಲವರ ಭಾವನೆ. ಆದರೆ ಅವೆರಡಕ್ಕಿಂತ ಮೊದಲು ಬೇಕಾದುದು ತಿಳಿವಳಿಕೆ. ನೀರಿಗೆ ಇಳಿಯುವುದು ಸುಲಭ. ಸುಖವಾಗಿ ಮೇಲೆ ಬರುವುದು, ಇಳಿದ ತಾಣಕ್ಕೆ ಕೇಡು ಮಾಡದೆ ಬರುವುದು ಕಲಿತು ಪಡೆಯಬೇಕಾದ ವಿದ್ಯೆ.

ಭಾರತದಲ್ಲಿ ಇಂಥ ಪ್ರವಾಸಕ್ಕೆ ಲಕ್ಷದ್ವೀಪಗಳು ಒಳ್ಳೆಯ ಉದಾಹರಣೆ. ಅರಬ್ಬೀ ಸಮುದ್ರದಲ್ಲಿ, ಕೊಚ್ಚಿಯಿಂದ 220ರಿಂದ 440 ಕಿಲೋಮೀಟರು ದೂರದಲ್ಲಿ ಇವು ಹರಡಿಕೊಂಡಿವೆ. ಇವುಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ ಸುಮಾರು 32 ಚದರ ಕಿಲೋಮೀಟರು. ಅವುಗಳನ್ನು ಸುತ್ತಿರುವ ಲಗೂನುಗಳ, ಎಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ತಿಳಿನೀರಿನ ಹರವು ಸುಮಾರು 4,200 ಚದರ ಕಿಲೋಮೀಟರು. ಇವುಗಳಲ್ಲಿ ಅಮಿನಿ, ಕಡಮತ್ ಮೊದಲಾದ ದ್ವೀಪಗಳಿಗೆ ಕರ್ನಾಟಕದೊಡನೆ ಹಳೆಯ ನಂಟಿದೆ. ಒಂದು ಕಾಲಕ್ಕೆ ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟಿದ್ದ ಇವು 1799ರ ಅನಂತರ ಬ್ರಿಟಿಷರ ಕೈಸೇರಿ, ಮಂಗಳೂರಿನಿಂದ ಆಳಲ್ಪಡುತ್ತಿದ್ದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಇವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.

ಕಡಮತ್ ದ್ವೀಪಕ್ಕೆ ಹೋಗಲು ಒಂದು ತಂಡ ನಿಶ್ಚಯಿಸಿತೆಂದು ಭಾವಿಸೋಣ. ಮೊದಲು ನೋಡಬೇಕಾದುದು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಹೊಡೆತಕ್ಕೆ ಕಡಲು ಕೆರಳಿರುತ್ತದೆ, ನೀರೂ ಕಲಕಿರುತ್ತದೆ. ಅಕ್ಟೋಬರಿನಿಂದ ಮೇ ತಿಂಗಳ ನಡುವಿನವರೆಗಿನ ಕಾಲವೇ ತಕ್ಕುದು. ಎರಡನೆಯದು ಅನುಮತಿ. ದ್ವೀಪವಾಸಿಗಳಲ್ಲದವರು ಸರ್ಕಾರದ ಪ್ರವೇಶಪತ್ರವನ್ನು ಮೊದಲೇ ಪಡೆದಿರಬೇಕು. ಮೂರನೆಯದು ದಾರಿ. ಕೊಚ್ಚಿಯಿಂದ ಹಡಗಿನಲ್ಲಿ ಹೋಗಬಹುದು; ಇಲ್ಲವೆ ಅಗತ್ತಿಯವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ದೋಣಿಯನ್ನು ಹಿಡಿಯಬಹುದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ತಂಡದ ಪ್ರತಿಯೊಬ್ಬನ ಆರೋಗ್ಯ ಮತ್ತು ತರಬೇತಿ. ಹೃದಯ, ಶ್ವಾಸಕೋಶ, ಕಿವಿಗಳ ತೊಂದರೆ ಉಳ್ಳವರು ವೈದ್ಯರ ಸಲಹೆಯಿಲ್ಲದೆ ಮುಳುಗಬಾರದು.

ನೀರಿನೊಳಗಣ ಲೋಕವನ್ನು ನೋಡಲು ಎರಡು ದಾರಿಗಳಿವೆ. ಸುಲಭವಾದುದು ಸ್ನಾರ್ಕೆಲ್ ವಿಧಾನ. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡವನ್ನು ಧರಿಸಿ, ಬಾಯಲ್ಲಿ ಒಂದು ಬಾಗಿದ ಕೊಳವೆಯನ್ನು ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುವುದೇ ಈ ಕ್ರಮ. ಕೊಳವೆ ಸುಮಾರು ಒಂದಡಿ ಉದ್ದವಿರುತ್ತದೆ. ಅದನ್ನು ಇನ್ನೂ ಉದ್ದ ಮಾಡಿದರೆ ಆಳದಲ್ಲಿಯೇ ಉಸಿರಾಡಬಹುದಲ್ಲವೆ ಎಂಬ ಪ್ರಶ್ನೆ ಏಳಬಹುದು. ಸಾಧ್ಯವಿಲ್ಲ. ಒಂದು ಮೀಟರು ಆಳದಲ್ಲಿಯೇ ನೀರು ಎದೆಯನ್ನು ಎಷ್ಟು ಬಲವಾಗಿ ಒತ್ತುತ್ತದೆಂದರೆ, ಮೇಲಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದು ದುಸ್ಸಾಧ್ಯವಾಗುತ್ತದೆ. ಅಲ್ಲದೆ ಬಿಟ್ಟ ಉಸಿರು ಉದ್ದ ಕೊಳವೆಯಲ್ಲಿಯೇ ಉಳಿದು ಮತ್ತೆ ಒಳಸೇರುತ್ತದೆ. ಉಸಿರು ಕಟ್ಟಿ ಮುಳುಗುವವರು ಇನ್ನೊಂದು ಎಚ್ಚರಿಕೆಯನ್ನು ಮರೆಯಬಾರದು. ಹೆಚ್ಚು ಹೊತ್ತು ನೀರೊಳಗಿರುವ ಆಸೆಯಿಂದ ಮೊದಲೇ ಬೇಗಬೇಗ ಉಸಿರಾಡುವ ಅಭ್ಯಾಸ ಅಪಾಯಕರ. ಉಸಿರಾಡಬೇಕೆಂಬ ತವಕ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಬೇಗಬೇಗ ಉಸಿರಾಡಿದರೆ ಅದು ಕಡಿಮೆಯಾಗಿ, ತವಕ ಹುಟ್ಟುವ ಮೊದಲೇ ಆಮ್ಲಜನಕ ತೀರಿ ಎಚ್ಚರ ತಪ್ಪಬಹುದು.

ಎರಡನೆಯ ದಾರಿ ಸ್ಕೂಬಾ ವಿಧಾನ. ಇದರಲ್ಲಿ ಮುಳುಗುವವನು ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾನೆ. ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿಯನ್ನು ಒದಗಿಸುವ ಉಪಕರಣವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ ಬಳಕೆಗೆ ತಂದರು. ಸಮುದ್ರದ ಮೇಲ್ಮೈಯಲ್ಲಿ ದೇಹದ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ಪ್ರತಿ ಹತ್ತು ಮೀಟರು ಆಳಕ್ಕೆ ಅಷ್ಟೇ ಒತ್ತಡ ಕೂಡುತ್ತ ಹೋಗುತ್ತದೆ. ಹತ್ತು ಮೀಟರಿನಲ್ಲಿ ಎರಡರಷ್ಟು, ಇಪ್ಪತ್ತರಲ್ಲಿ ಮೂರರಷ್ಟು. ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರ ಕುಗ್ಗುತ್ತದೆ, ಒತ್ತಡ ಇಳಿದಂತೆ ಹಿಗ್ಗುತ್ತದೆ ಎಂಬುದು ಬಾಯ್ಲನ ನಿಯಮ. ತರಗತಿಯಲ್ಲಿ ಬರಿಯ ಸೂತ್ರವೆನಿಸುವ ಈ ನಿಯಮ ಕಡಲಿನಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ. ಹತ್ತು ಮೀಟರು ಆಳದಲ್ಲಿ ಶ್ವಾಸಕೋಶದ ತುಂಬ ಗಾಳಿಯೆಳೆದು, ಉಸಿರನ್ನು ಬಿಗಿಹಿಡಿದು ಮೇಲೇರಿದರೆ, ಆ ಗಾಳಿ ಎರಡರಷ್ಟಾಗಲು ಹವಣಿಸಿ ಶ್ವಾಸಕೋಶವನ್ನೇ ಹರಿಯಬಹುದು. ಆದುದರಿಂದ ಸ್ಕೂಬಾ ಕಲಿಯುವವನಿಗೆ ಮೊದಲ ಪಾಠ ಇದು: ಉಸಿರನ್ನು ಎಂದಿಗೂ ಕಟ್ಟಬೇಡ. ಅದೇ ನಿಯಮದಂತೆ, ಮೇಲ್ಮೈಯಲ್ಲಿ ಅರುವತ್ತು ನಿಮಿಷ ಸಾಲುವ ಗಾಳಿ ಇಪ್ಪತ್ತು ಮೀಟರು ಆಳದಲ್ಲಿ ಇಪ್ಪತ್ತೇ ನಿಮಿಷ ಸಾಲುತ್ತದೆ. ಈ ಲೆಕ್ಕವನ್ನು ದಡದಲ್ಲಿಯೇ ಮಾಡಿಕೊಳ್ಳಬೇಕು.

ಇನ್ನೊಂದು ಅಪಾಯ ಸಾರಜನಕದಿಂದ ಬರುವುದು. ಆಳದ ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಗೋಲಿಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಉಕ್ಕುವಂತೆ, ಅವಸರದಿಂದ ಮೇಲೇರಿದವನ ದೇಹದಲ್ಲಿ ಕರಗಿದ ಅನಿಲ ಗುಳ್ಳೆಗಳಾಗಿ ಹೊಮ್ಮುತ್ತದೆ. ಕೀಲುಗಳಲ್ಲಿ ತೀವ್ರವಾದ ನೋವು, ಒಮ್ಮೊಮ್ಮೆ ಪಾರ್ಶ್ವವಾಯು, ಸಾವು ಕೂಡ ಇದರಿಂದ ಸಂಭವಿಸಬಹುದು. 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕ್ರಮವನ್ನು ಕೋಷ್ಟಕಗಳಲ್ಲಿ ಪ್ರಕಟಿಸಿದನು. ಇಂದು ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಬೇಗ ಏರಬಾರದು, ಐದು ಮೀಟರು ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು ಎಂಬ ಕ್ರಮ ಬಳಕೆಯಲ್ಲಿದೆ. ಹಾರುವ ವಿಮಾನದೊಳಗಿನ ಒತ್ತಡ ಸಮುದ್ರಮಟ್ಟದ ಒತ್ತಡಕ್ಕಿಂತ ಕಡಿಮೆ. ಹೀಗಾಗಿ ಹಲವು ಬಾರಿ ಮುಳುಗಿದವನು ಕಡೆಯ ಮುಳುಗಿನ ಅನಂತರ ಕನಿಷ್ಠ 18 ಗಂಟೆ ವಿಮಾನವೇರಬಾರದು. ಇಡೀ ಒಂದು ದಿನ ಬಿಡುವು ಕೊಡುವುದು ಇನ್ನೂ ಕ್ಷೇಮ. ಆದ ಕಾರಣ ಜಾಣರಾದವರು ಪ್ರವಾಸವನ್ನು ಕೊನೆಯಿಂದ ಯೋಜಿಸುತ್ತಾರೆ. ಮೊದಲು ಮರಳುವ ದಿನವನ್ನು ಗೊತ್ತುಮಾಡಿ, ಅದರ ಹಿಂದಿನ ದಿನವನ್ನು ದ್ವೀಪ ನೋಡಲು ಮೀಸಲಿಟ್ಟು, ಉಳಿದ ದಿನಗಳನ್ನು ಮಾತ್ರ ಮುಳುಗಲು ಇಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಸಿದ್ಧತೆಯಿಂದ ನೋಡಲು ಹೋಗುವ ಹವಳವಾದರೂ ಏನು? ಅದು ಕಲ್ಲಲ್ಲ, ಗಿಡವಲ್ಲ. ಪುಟ್ಟ ಪ್ರಾಣಿಗಳ ವಸಾಹತು. ಅವು ತಮ್ಮ ಮೈಯಿಂದ ಸುಣ್ಣವನ್ನು ಸ್ರವಿಸಿ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಒಡೆಯನಿಗೂ ಉಣಿಸುತ್ತದೆ, ಬಣ್ಣವನ್ನೂ ಕೊಡುತ್ತದೆ. ಗುಂಡುಬಂಡೆಯಂಥ ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು ಮಾತ್ರ. ಕಾಲಿನ ಒಂದು ಒದೆತಕ್ಕೆ ಮುರಿಯುವುದು ಹಲವು ವರ್ಷಗಳ ದುಡಿಮೆ. ನೀರು ಬೇಸಗೆಯ ವಾಡಿಕೆಯ ಗರಿಷ್ಠ ಬಿಸಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೂ ಹವಳ ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳಿಚಿಕೊಂಡವು. ದ್ವೀಪಗಳ ನೆಲವೇ ಹವಳದ ಮರಳು. ಅಲೆಗಳ ಹೊಡೆತವನ್ನು ತಡೆಯುವ ಗೋಡೆಯೂ ಹವಳದ ದಂಡೆಯೇ. ಹವಳ ಅಳಿದರೆ ದ್ವೀಪದ ಬಾಳೂ ಅಳಿಯುತ್ತದೆ.

ಆದುದರಿಂದ ಪ್ರವಾಸಿ ಕೆಲವು ಕಟ್ಟುಪಾಡುಗಳನ್ನು ತಾನಾಗಿಯೇ ವಿಧಿಸಿಕೊಳ್ಳಬೇಕು. ಹವಳದ ಮೇಲೆ ನಿಲ್ಲಬಾರದು, ಅದನ್ನು ಮುಟ್ಟಲೂಬಾರದು. ಮೀನುಗಳಿಗೆ ತಿಂಡಿ ಎಸೆಯಬಾರದು. ನೆನಪಿಗೆಂದು ಹವಳದ ಚೂರನ್ನು ಎತ್ತಿ ತರಬಾರದು. ಸತ್ತ ತುಂಡನ್ನು ತರುವುದೂ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆ ಪುಟ್ಟ ನೆಲದ ಅಡಿಯಲ್ಲಿ ನಿಲ್ಲುವ ಸಿಹಿನೀರು ತೀರ ಸ್ವಲ್ಪವಾದುದರಿಂದ ನೀರನ್ನು ಮಿತವಾಗಿ ಬಳಸಬೇಕು. ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಬೇಕು.

ಕಡಲಿನ ಮನೆಗೆ ಮನುಷ್ಯ ಕೆಲವು ನಿಮಿಷಗಳ ಅತಿಥಿ. ಅವನು ಉಸಿರಾಡುವ ಗಾಳಿಯನ್ನೂ ಹೊತ್ತುಕೊಂಡೇ ಅಲ್ಲಿಗೆ ಹೋಗಬೇಕು. ಒಳ್ಳೆಯ ಅತಿಥಿ ಮನೆಯೊಡೆಯನ ರೀತಿನೀತಿಗಳನ್ನು ಅರಿತು ಬರುತ್ತಾನೆ, ಹೊತ್ತು ಮೀರುವ ಮುನ್ನ ಹೊರಡುತ್ತಾನೆ, ಬಂದಾಗ ಹೇಗಿತ್ತೋ ಹಾಗೆಯೇ ಮನೆಯನ್ನು ಬಿಟ್ಟು ಹೋಗುತ್ತಾನೆ. ಹಾಗೆ ಹೋಗಿ ಬಂದವನಿಗೆ ಮಾತ್ರವಲ್ಲ, ಅವನ ಮಕ್ಕಳಿಗೂ ಆ ಮನೆಯ ಬಾಗಿಲು ತೆರೆದಿರುತ್ತದೆ.